ಬ್ಯಾಟರಿಯ ಮೇಲೆ ಹೊರಿಸುವ ತಪ್ಪು

ಸೆಲ್ಫ್ ಹೊಡೆಯದ ಸ್ಕೂಟರ್ ಕಂಡರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಬ್ಯಾಟ್ರಿ ಹೋಗೇತಿ.’ ಮಲೆಬೆನ್ನೂರಿನ ರಸ್ತೆ ಬದಿ ಗಾಡಿ ನಿಂತರೆ ಟೀ ಕುಡಿಯುತ್ತಿದ್ದವರೂ ಅದನ್ನೇ ಹೇಳುತ್ತಾರೆ, ಗ್ಯಾರೇಜಿನಲ್ಲೂ ಅದನ್ನೇ ಹೇಳುತ್ತಾರೆ. ಹರಿಹರಕ್ಕೋ ದಾವಣಗೆರೆಗೋ ಒಯ್ದರೂ ಬಹುತೇಕ ಅದೇ ಉತ್ತರ. ಸಾವಿರ, ಒಂದೂವರೆ ಸಾವಿರ ಕೊಟ್ಟು ಹೊಸದು ಹಾಕಿಸುತ್ತೇವೆ, ಗಾಡಿ ಶುರುವಾಗುತ್ತದೆ, ಹೇಳಿದ ಮಾತು ನಿಜವೆಂದು ನಂಬುತ್ತೇವೆ. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಬ್ಯಾಟರಿ ಖಾಲಿಯಾಗಿದೆಯೋ, ಕೆಟ್ಟಿದೆಯೋ, ಅಥವಾ ಬ್ಯಾಟರಿ ಸರಿಯಿದ್ದು ಕರೆಂಟು ದಾರಿಯಲ್ಲೇ ನಿಂತಿದೆಯೋ ಎಂದು ನೋಡುವ ಕೆಲಸವನ್ನೇ ನಾವು ಕೈಬಿಟ್ಟಿದ್ದೇವೆ.

ಹೊಸ ಬ್ಯಾಟರಿ ಹಾಕಿದ ಕೂಡಲೇ ಗಾಡಿ ಶುರುವಾಯಿತಲ್ಲ ಎಂದು ಕೇಳುವವರಿಗೆ ಉತ್ತರ ಕೊಡಲೇಬೇಕು, ಏಕೆಂದರೆ ಇಡೀ ನಂಬಿಕೆ ನಿಂತಿರುವುದು ಆ ಒಂದು ಅನುಭವದ ಮೇಲೆ. ಹೊಸ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಬಂದಿರುತ್ತದೆ. ಗಾಡಿಯ ಚಾರ್ಜಿಂಗ್ ಸಂಪೂರ್ಣ ಸತ್ತಿದ್ದರೂ ಅದು ಕೆಲವು ದಿನ ಸೆಲ್ಫ್ ಹೊಡೆಯುತ್ತದೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವಾಗ ಟರ್ಮಿನಲ್ಲಿನ ಕಿಲುಬು ಉದುರುತ್ತದೆ, ಸಡಿಲಾಗಿದ್ದ ಬೋಲ್ಟು ಬಿಗಿಯಾಗುತ್ತದೆ, ವೈರು ಅಲುಗಾಡಿ ಎಲ್ಲೋ ಬಿಟ್ಟಿದ್ದ ಸಂಪರ್ಕ ತಾತ್ಕಾಲಿಕವಾಗಿ ಕೂಡುತ್ತದೆ. ಗಾಡಿ ಶುರುವಾಗಿದ್ದು ಇವುಗಳಲ್ಲಿ ಯಾವುದರಿಂದ ಎಂದು ಯಾರೂ ನೋಡುವುದಿಲ್ಲ. ಕೀರ್ತಿಯೆಲ್ಲ ಹೊಸ ಬ್ಯಾಟರಿಗೆ. ಮೂರು ತಿಂಗಳಿಗೆ ಮತ್ತೆ ನಿಂತರೆ ‘ಈಗಿನ ಬ್ಯಾಟ್ರಿ ಬಾಳಿಕೆ ಬರಲ್ಲ’ ಎಂಬ ಇನ್ನೊಂದು ಮಾತು ಹುಟ್ಟುತ್ತದೆ. ಮೊದಲ ತಪ್ಪು ತೀರ್ಮಾನವನ್ನು ಎರಡನೆಯ ತಪ್ಪು ತೀರ್ಮಾನ ಕಾಯುತ್ತದೆ.

ಕೊಮಾರನಹಳ್ಳಿ ಕಡೆಯ ಶಿಕ್ಷಕಿಯೊಬ್ಬರ ಸ್ಕೂಟರಿಗೆ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಗಿದ್ದವು. ಮೂರನೆಯ ಸಲ ನಿಂತಾಗ ಮೀಟರ್ ಹಿಡಿದು ನೋಡಿದೆವು. ಬ್ಯಾಟರಿಯ ಎರಡು ತುದಿಗಳ ನಡುವೆ 12.6 ವೋಲ್ಟ್, ಅಂದರೆ ತುಂಬಿದ ಬ್ಯಾಟರಿ. ಸೆಲ್ಫ್ ಒತ್ತಿದರೆ ರಿಲೇ ‘ಟಿಕ್’ ಎನ್ನುತ್ತದೆ, ಮೋಟರ್ ತಿರುಗುವುದಿಲ್ಲ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಇಟ್ಟು ಸೆಲ್ಫ್ ಒತ್ತಿಸಿದೆವು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಿಸಬಾರದು. ಮೂರರ ಹತ್ತಿರ ಬಂತು. ಅರ್ಥಿಂಗ್ ವೈರು ಎಂಜಿನ್ನಿಗೆ ಸೇರುವ ಬೋಲ್ಟನ್ನು ಬಿಚ್ಚಿದರೆ ಕೆಳಗೆ ತುಕ್ಕು, ವೈರಿನ ಬಳೆಯ ಸುತ್ತ ಹಸಿರು ಕಿಲುಬು. ಉಪ್ಪುಕಾಗದದಿಂದ ಉಜ್ಜಿ, ಹೊಸ ವಾಷರ್ ಹಾಕಿ, ಬಿಗಿ ಮಾಡಿ, ಮೇಲೆ ಚೂರು ಗ್ರೀಸ್ ಸವರಿದ ಮೇಲೆ ಸೆಲ್ಫ್ ಮೊದಲ ಒತ್ತಿಗೇ ಹೊಡೆಯಿತು. ‘ಹಂಗಾದ್ರ ಹಳೇವು ಎರಡೂ ಚೆನ್ನಾಗೇ ಇದ್ವೇನ್ರೀ?’ ಎಂದು ಅವರು ಕೇಳಿದರು. ಹೇಳಲು ಏನೂ ಉಳಿದಿರಲಿಲ್ಲ. ಆ ಎರಡೂ ಅದಲುಬದಲಿನಲ್ಲಿ ಸೀಸದ ಬೆಲೆಗೆ ಹೋಗಿಬಿಟ್ಟಿದ್ದವು.

ಸ್ಕೂಟರಿನ ಬ್ಯಾಟರಿ ಚಿಕ್ಕದು, ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಅವರ್. ಆದರೆ ಸೆಲ್ಫ್ ಮೋಟರ್ ಒಮ್ಮೆಗೇ ಹತ್ತಾರು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ಹರಿಯುವಾಗ ದಾರಿಯಲ್ಲಿ ಕಿಲುಬಿನ ತೆಳು ಪದರ ಇದ್ದರೂ ಸಾಕು, ವೋಲ್ಟೇಜು ಅಲ್ಲೇ ಕುಸಿಯುತ್ತದೆ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಕ್ಕವಳ್ಳಿಯ ಭದ್ರಾ ಡ್ಯಾಂ 186 ಅಡಿ ತುಂಬಿದ್ದರೂ ಕಾಲುವೆಯ ಕೊನೆ ಭಾಗದ ಗದ್ದೆಗೆ ನೀರು ಬಾರದಿದ್ದರೆ ಯಾರೂ ಇನ್ನೊಂದು ಡ್ಯಾಂ ಕಟ್ಟಿ ಎಂದು ಕೇಳುವುದಿಲ್ಲ. ಹೂಳು ಎಲ್ಲಿದೆ, ತೂಬು ಎಲ್ಲಿ ಮುಚ್ಚಿದೆ ಎಂದು ಕಾಲುವೆಗುಂಟ ನಡೆದು ನೋಡುತ್ತಾರೆ.

ಇನ್ನೂ ಸಣ್ಣ ಕಾರಣಗಳಿವೆ. ಬ್ರೇಕ್ ಹಿಡಿಯದೆ ಸ್ಕೂಟರಿನ ಸೆಲ್ಫ್ ಹೊಡೆಯುವುದಿಲ್ಲ. ಹಿಡಿಯ ಬುಡದಲ್ಲಿರುವ ಪುಟ್ಟ ಸ್ವಿಚ್ಚು ಕೆಟ್ಟರೆ ‘ಟಿಕ್’ ಸದ್ದೂ ಬರುವುದಿಲ್ಲ, ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ದೀಪವೂ ಹೊತ್ತುವುದಿಲ್ಲ. ಆ ದೀಪ ನೋಡಿದರೇ ದೋಷ ಎಲ್ಲಿದೆಯೆಂದು ಗೊತ್ತಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಇನ್ನೊಂದು ಕೈಯ ಬ್ರೇಕ್ ಹಿಡಿದು ಒತ್ತಿದರೆ ಸೆಲ್ಫ್ ಹೊಡೆದೂ ಬಿಡುತ್ತದೆ. ಈಚಿನ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡಿಗೂ ಸ್ವಿಚ್ಚಿದೆ. ಅದರೊಳಗೆ ಕೆಸರು ಸೇರಿದರೆ ಸ್ಟ್ಯಾಂಡ್ ಎತ್ತಿದ್ದರೂ ಎಂಜಿನ್ ಹೊತ್ತುವುದಿಲ್ಲ. ಇದಕ್ಕೂ ಬ್ಯಾಟರಿ ಬದಲಾಗಿದ್ದನ್ನು ಕಂಡಿದ್ದೇನೆ.

ಮಲೆಬೆನ್ನೂರು, ಕುಂಬಳೂರು, ಜಿಗಳಿ ಸುತ್ತಮುತ್ತ ಇಂಥ ದೋಷಗಳು ಹೆಚ್ಚಾಗಲು ಕಾರಣವಿದೆ. ಇದು ಭತ್ತದ ಸೀಮೆ. ನಾಟಿಯ ದಿನಗಳಲ್ಲಿ ಗದ್ದೆ ದಾರಿಯ ಕೆಸರು ಗಾಡಿಯ ಹೊಟ್ಟೆಗೆ ಮೆತ್ತುತ್ತದೆ, ಅದನ್ನು ತೊಳೆಯಲು ವಾಟರ್ ಸರ್ವೀಸಿನ ಪೈಪು ಹಿಡಿಯುತ್ತಾರೆ. ಆ ರಭಸದ ನೀರು ನೇರವಾಗಿ ವೈರು ಕೂಡಿಸುವ ಕಪ್ಲರ್‌ಗಳ ಒಳಕ್ಕೆ ನುಗ್ಗುತ್ತದೆ. ತೊಳೆದ ದಿನ ಏನೂ ಆಗುವುದಿಲ್ಲ, ತಿಂಗಳ ಮೇಲೆ ಒಳಗೆ ಕಿಲುಬು ಕೂರುತ್ತದೆ. ಕಟಾವಿನ ಹೊತ್ತಿಗೆ ಇಲಿಗಳ ಕಾಟ. ಭತ್ತದ ಚೀಲ ಪೇರಿಸಿದ ಪಡಸಾಲೆಯಲ್ಲೇ ರಾತ್ರಿ ಸ್ಕೂಟರೂ ನಿಲ್ಲುತ್ತದೆ. ಸೀಟಿನ ಕೆಳಗೆ ಕಡಿದ ವೈರನ್ನು ಬರಿದೆ ತಿರುಚಿ ಟೇಪು ಸುತ್ತಿ ಕಳಿಸುವುದು ರೂಢಿ. ಮಳೆ ಬಿದ್ದರೆ ಟೇಪಿನೊಳಗೆ ನೀರು ನಿಲ್ಲುತ್ತದೆ. ಬೆಸುಗೆ ಹಾಕಿ, ಬಿಸಿಗೆ ಬಿಗಿಯುವ ಸ್ಲೀವ್ ಏರಿಸಿದರೆ ಆ ಜೋಡಣೆ ಬಹಳ ಕಾಲ ನಿಲ್ಲುತ್ತದೆ.

ಬ್ಯಾಟರಿ ನಿಜವಾಗಿ ಖಾಲಿಯಾಗಿದ್ದಾಗಲೂ ಪ್ರಶ್ನೆ ಮುಗಿಯುವುದಿಲ್ಲ. ಯಾಕೆ ಖಾಲಿಯಾಯಿತು? ಎಂಜಿನ್ ಶುರು ಮಾಡಿ ಸ್ವಲ್ಪ ರೇಸ್ ಕೊಟ್ಟಾಗ ಬ್ಯಾಟರಿಯ ಮೇಲೆ 13.5ರಿಂದ 14.5 ವೋಲ್ಟ್ ತೋರಬೇಕು. ಹನ್ನೆರಡೂ ಚಿಲ್ಲರೆಯಲ್ಲೇ ನಿಂತರೆ ಮ್ಯಾಗ್ನೆಟ್ ಕಾಯಿಲೋ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ಟೋ ಅವುಗಳ ನಡುವಿನ ಕಪ್ಲರೋ ಕೈಕೊಟ್ಟಿದೆ. ಹದಿನೈದು ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಅದು ಬ್ಯಾಟರಿಯನ್ನು ಕುದಿಸಿ ಕೊಲ್ಲುತ್ತದೆ, ಬಲ್ಬುಗಳನ್ನು ಸುಡುತ್ತದೆ. ಪದೇಪದೇ ಬಲ್ಬು ಹೋಗುವ ಗಾಡಿಗೆ ‘ಒರಿಜಿನಲ್ ಬಲ್ಬು ಹಾಕ್ಸಿ’ ಎನ್ನುವ ಮುಂಚೆ ಈ ಒಂದು ಅಳತೆ ಸಾಕಿತ್ತು. ಕೆಲವು ಗಾಡಿಗಳಲ್ಲಿ ಎಲ್ಲ ಸರಿಯಿದ್ದೂ ಬ್ಯಾಟರಿ ಸೊರಗುತ್ತದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲೂ ಉರಿಯುವಂತಾಯಿತು. ಡೇರಿಗೆ ಹೋಗಿ ಬರುವುದು, ಮಗುವನ್ನು ಶಾಲೆಗೆ ಬಿಡುವುದು, ಅಂಗಡಿಗೆ ಹೋಗುವುದು — ಪ್ರತಿ ಸಲ ಸೆಲ್ಫ್, ಪ್ರತಿ ಸಲ ಅರ್ಧ ಮೈಲಿ. ಸೆಲ್ಫ್ ತಿಂದ ಕರೆಂಟು ಆ ದೂರದಲ್ಲಿ ವಾಪಸು ತುಂಬುವುದಿಲ್ಲ. ಈ ಗಾಡಿಗೆ ಬೇಕಿರುವುದು ಬೆಳಿಗ್ಗೆ ಒಂದು ಕಿಕ್ಕು, ವಾರಕ್ಕೊಮ್ಮೆ ಹರಿಹರದವರೆಗಿನ ಓಟ.

ಬ್ಯಾಟರಿ ಸಾಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮೂರ್ನಾಲ್ಕು ವರ್ಷ ದುಡಿದದ್ದು ಸಾಯುತ್ತದೆ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ನೋಡಿದರೆ ವೋಲ್ಟೇಜು ಇಳಿದಿರುತ್ತದೆ, ಸೆಲ್ಫ್ ಒತ್ತಿದಾಗ ಒಂಬತ್ತಕ್ಕಿಂತ ಕೆಳಗೆ ಕುಸಿಯುತ್ತದೆ. ಆಗ ಬದಲಿಸಲೇಬೇಕು. 1984ರಲ್ಲಿ ಕೈನೆಟಿಕ್ ಹೋಂಡಾ ಬಟನ್ ಸ್ಟಾರ್ಟ್ ತರುವವರೆಗೆ ನಮ್ಮ ಸ್ಕೂಟರುಗಳು ಕಿಕ್ಕಿನ ಮೇಲೇ ನಡೆದವು, ಎಷ್ಟೋ ಗಾಡಿಗಳಲ್ಲಿ ಬ್ಯಾಟರಿಯೇ ಇರಲಿಲ್ಲ. ಈಗ ಹಾಗಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಕಡ್ಡಾಯವಾದ ಮೇಲೆ ಗಾಡಿಯೊಳಗಿನ ಪೆಟ್ರೋಲ್ ಪಂಪೂ ಎಂಜಿನ್ನನ್ನು ನಡೆಸುವ ಇಸಿಯು ಎಂಬ ಕಂಪ್ಯೂಟರೂ ಬ್ಯಾಟರಿಯ ಕರೆಂಟನ್ನು ನೆಚ್ಚಿವೆ; ಬ್ಯಾಟರಿ ತೀರ ಸತ್ತರೆ ಕಿಕ್ಕಿಗೂ ಹೊತ್ತದಿರಬಹುದು. ಹೀಗಿರುವಾಗ ಬ್ಯಾಟರಿಯನ್ನು ಕೊಲ್ಲುತ್ತಿರುವ ಕಾರಣ ಹುಡುಕುವುದು ಮೊದಲಿಗಿಂತ ಹೆಚ್ಚು ಮುಖ್ಯ.

ಬಿಎಸ್6 ಗಾಡಿಗೆ ಊರ ಮೆಕ್ಯಾನಿಕ್ ಕೈ ಹಾಕಬಾರದು, ಎಲ್ಲ ಕಂಪ್ಯೂಟರು ಎಂಬ ಮಾತಿಗೂ ನನ್ನ ಒಪ್ಪಿಗೆಯಿಲ್ಲ. ಇಸಿಯು ಬಿಚ್ಚುವ ಕೆಲಸ ಶೋರೂಮಿಗೆ ಹೋಗಲಿ. ಆದರೆ ಅರ್ಥಿಂಗ್ ಬೋಲ್ಟು, ಫ್ಯೂಸು, ಬ್ರೇಕ್ ಸ್ವಿಚ್ಚು, ಇಲಿ ಕಡಿದ ವೈರು ಇವು ಯಾವ ಕಂಪ್ಯೂಟರಿನ ಒಳಗೂ ಇಲ್ಲ. ದೋಷ ಕಂಡರೆ ಮಿಣುಕುವ ದೀಪ ಎಷ್ಟು ಸಲ ಮಿಣುಕಿತು ಎಂಬುದರಲ್ಲೇ ಸಂಕೇತ ಹೇಳುವ ಮಾದರಿಗಳೂ ಇವೆ. ಅಳೆಯುವ ಕೆಲಸ ಈ ಸೀಮೆಗೆ ಹೊಸದೂ ಅಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರ ಮಾಡಿತು. ಅಳೆಯುವುದನ್ನೇ ಕಸುಬು ಮಾಡಿಕೊಂಡವರು ಈ ತಾಲ್ಲೂಕಿನಲ್ಲಿ ಬಾಳಿದ್ದಾರೆ. ಕೆಲವು ನೂರು ರೂಪಾಯಿಯ ಮೀಟರ್ ಓದುವುದು ನಮ್ಮ ಹುಡುಗರ ಕೈಗೆ ನಿಲುಕದ ವಿದ್ಯೆಯೆಂದು ನಾನು ನಂಬಲಾರೆ.

ಹಾಗಿದ್ದೂ ಯಾಕೆ ಅಳೆಯುವುದಿಲ್ಲ ಎಂದರೆ ಬೊಟ್ಟು ಗಿರಾಕಿಗಳಾದ ನಮ್ಮ ಕಡೆಗೂ ತಿರುಗಬೇಕು. ಬ್ಯಾಟರಿ ಮಾರಿದರೆ ಮೆಕ್ಯಾನಿಕ್‌ಗೆ ನಾಲ್ಕು ಕಾಸು ಉಳಿಯುತ್ತದೆ. ಒಂದು ಗಂಟೆ ಕುಕ್ಕರುಗಾಲಲ್ಲಿ ಕೂತು ಪ್ಯಾನೆಲ್ ಬಿಚ್ಚಿ ಅರ್ಥಿಂಗ್ ಬೋಲ್ಟು ಉಜ್ಜಿದವನಿಗೆ ‘ಏನೂ ಸಾಮಾನು ಹಾಕಿಲ್ವಲ್ಲ’ ಎಂದು ಇಪ್ಪತ್ತು ರೂಪಾಯಿ ಕೊಡಲೂ ಹಿಂದುಮುಂದು ನೋಡುತ್ತೇವೆ. ದೋಷ ಹುಡುಕಿದ್ದಕ್ಕೇ ಕೂಲಿ ಕೊಡದಿದ್ದರೆ ಅವನು ಸಾಮಾನು ಮಾರಿಯೇ ಬದುಕಬೇಕು. ಬಡವರಿಗೆ ಈ ಹೆಚ್ಚುವರಿ ಖರ್ಚು ಯಾಕೆ ಎಂದು ಕೇಳುವವರಿದ್ದಾರೆ. ಹುಡುಕಿದ್ದಕ್ಕೆ ನೂರೈವತ್ತು ಕೊಟ್ಟರೂ ಅದು ಒಂದು ಬ್ಯಾಟರಿಯ ಬೆಲೆಯ ಸಣ್ಣ ಪಾಲು, ವರ್ಷಕ್ಕೆರಡು ಬ್ಯಾಟರಿ ಕೊಂಡ ಆ ಶಿಕ್ಷಕಿಯ ಲೆಕ್ಕದಲ್ಲಂತೂ ಇನ್ನೂ ಸಣ್ಣದು. ‘ಚೆಕಿಂಗ್ ಚಾರ್ಜ್ ಇಷ್ಟು’ ಎಂದು ಗ್ಯಾರೇಜಿನವರು ಬೋರ್ಡು ಬರೆದು ಹಾಕಲಿ, ಮೀಟರಿನಲ್ಲಿ ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಡಲಿ: ಗಾಡಿ ನಿಂತಾಗ ಎಷ್ಟು, ಸೆಲ್ಫ್ ಒತ್ತಿದಾಗ ಎಷ್ಟು, ರೇಸ್ ಕೊಟ್ಟಾಗ ಎಷ್ಟು. ಆ ಮೂರು ಅಂಕಿ ಇಲ್ಲದೆ ಬ್ಯಾಟರಿ ಬದಲಿಸಲು ಗಿರಾಕಿ ಒಪ್ಪದಿರಲಿ.