ಬರೀ ಡಿಸೈನ್ ಅಲ್ಲ

ಮಾಟುಂಗದ ರುಯಿಯಾ, ಪೋದಾರ್ ಕಾಲೇಜುಗಳ ಎದುರು ಸಂಜೆ ಹತ್ತು ನಿಮಿಷ ನಿಂತರೆ ಕಪ್ಪು ಟೀ ಶರ್ಟಿನ ಮೇಲೆ ಆ ತ್ರಿಕೋನ ಒಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಒಂದು ಕಡೆಯಿಂದ ಬಿಳಿ ಗೆರೆ ಒಳಕ್ಕೆ, ಇನ್ನೊಂದು ಕಡೆಯಿಂದ ಬಣ್ಣದ ಪಟ್ಟಿ ಹೊರಕ್ಕೆ. ಹೋದ ತಿಂಗಳು ಉಡುಪಿ ಹೋಟೆಲಿನ ಸಾಲಿನಲ್ಲಿ ನನ್ನ ಮುಂದೆ ಇದ್ದ ಹುಡುಗನನ್ನು ಕೇಳಿಯೇಬಿಟ್ಟೆ, ಇದರಲ್ಲಿ ನಿನಗೆ ಯಾವ ಹಾಡು ಇಷ್ಟ ಅಂತ. ಅವನು ತನ್ನ ಶರ್ಟನ್ನೇ ಒಮ್ಮೆ ಬಗ್ಗಿ ನೋಡಿಕೊಂಡು, 'ಅಂಕಲ್, ಇದು ಬರೀ ಡಿಸೈನ್' ಅಂದ.

ಸಿಟ್ಟೇನೂ ಬರಲಿಲ್ಲ. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಬಂದದ್ದು 1973ರ ಮಾರ್ಚಿನಲ್ಲಿ. ಆಗ ನಾನೂ ಹುಟ್ಟಿರಲಿಲ್ಲ. ಹಿಪ್ನೋಸಿಸ್ ಸಂಸ್ಥೆಯ ಆ ಮುಖಪುಟದ ಮೇಲೆ ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 1973ರಿಂದ 1988ರ ನಡುವೆ 700ಕ್ಕೂ ಹೆಚ್ಚು ವಾರ ಉಳಿದಿತ್ತು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಯಾಕೆ ಉಳಿಯಿತು ಅನ್ನುವುದಕ್ಕೆ ಮಾತ್ರ ಸಿಗುವುದು ಸವೆದ ಉತ್ತರ: ಕಾಲ, ಹಣ, ಸಾವು, ಹುಚ್ಚು, ಇವು ಎಲ್ಲರ ಸಮಸ್ಯೆಗಳಲ್ಲವೇ, ಅದಕ್ಕೆ. ಹಾಗೆ ನೋಡಿದರೆ ಎಲ್ಲರ ಸಮಸ್ಯೆಗಳ ಬಗ್ಗೆ ಬರೆದ ಎಷ್ಟು ಹಾಡುಗಳು ಮೂರೇ ತಿಂಗಳಲ್ಲಿ ಸತ್ತುಹೋಗಿಲ್ಲ?

ಭಾವಗೀತೆ ಕೇಳಿಕೊಂಡು ಬೆಳೆದ ನಮಗೆ ಒಂದು ಅಭ್ಯಾಸವಿದೆ. ಹಾಡು ಅಂದ ಕೂಡಲೇ 'ಸಾಹಿತ್ಯ ಯಾರದು?' ಅನ್ನುತ್ತೇವೆ. ಕವಿತೆ ಮೊದಲು, ರಾಗ ಅದಕ್ಕೆ ಉಡಿಸಿದ ಬಟ್ಟೆ. ನಾನೂ ಈ ಆಲ್ಬಮ್ಮನ್ನು ಬಹಳ ವರ್ಷ ಹಾಗೆಯೇ ಕೇಳಿದೆ. ಸಾಹಿತ್ಯವೆಲ್ಲ ರೋಜರ್ ವಾಟರ್ಸ್‌ದು, ಹಾಗಾಗಿ ಆಲ್ಬಮ್ಮೂ ಅವನದೇ ಅಂದುಕೊಂಡಿದ್ದೆ. ಈಗ ಅದು ತಪ್ಪು ಅನ್ನಿಸುತ್ತದೆ. ವಾಟರ್ಸ್ ಸಾಲುಗಳು ನೇರ, ಸರಳ, ಕೆಲವು ಕಡೆ ಚಪ್ಪಟೆ. ಅವನ್ನು ಎತ್ತಿ ಹಿಡಿಯುವುದು ರಿಚರ್ಡ್ ರೈಟ್‌ನ ಕೀಬೋರ್ಡು. 'ಅಸ್ ಆ್ಯಂಡ್ ದೆಮ್'ನ ಪಿಯಾನೋವನ್ನು ರೈಟ್ ಮೊದಲು ಮಾಡಿದ್ದು ಅಂಟೋನಿಯೋನಿಯ 'ಝಬ್ರಿಸ್ಕಿ ಪಾಯಿಂಟ್' ಸಿನಿಮಾಕ್ಕೆ. ತೀರಾ ದುಃಖದ್ದಾಯಿತು ಅಂತ ನಿರ್ದೇಶಕರಿಗೆ ಹಿಡಿಸಲಿಲ್ಲ. ಮಾತಿಲ್ಲದೆಯೇ ದುಃಖ ತುಂಬಿಕೊಂಡಿದ್ದ ಆ ತುಣುಕಿಗೆ ಯುದ್ಧದ ಬಗೆಗಿನ ಮಾತುಗಳು ಸೇರಿದ್ದು ಆಮೇಲೆ.

ಇದಕ್ಕಿಂತ ದೊಡ್ಡ ಸಾಕ್ಷಿ 'ದ ಗ್ರೇಟ್ ಗಿಗ್ ಇನ್ ದ ಸ್ಕೈ'. ಸಾವಿನ ಬಗೆಗಿನ ಈ ತುಣುಕಿನಲ್ಲಿ ಹಾಡುವ ಸಾಹಿತ್ಯವೇ ಇಲ್ಲ. ಕ್ಲೇರ್ ಟೋರಿ ಎಂಬ ಸೆಷನ್ ಗಾಯಕಿಯನ್ನು ಒಂದು ಭಾನುವಾರ ಆ್ಯಬಿ ರೋಡ್ ಸ್ಟುಡಿಯೋಗೆ ಕರೆಸಿದರು, ಪದಗಳಿಲ್ಲ, ಹಾಡು ಅಂದರು. ಆಕೆ ಕೂಗಿದಳು, ಗೋಗರೆದಳು, ಕೊನೆಗೆ ಉಸಿರು ಬಿಟ್ಟ ಹಾಗೆ ತಣ್ಣಗಾದಳು. ನಮ್ಮವರು ಕೇಳಿದರೆ ತಕ್ಷಣ ಆಲಾಪನೆ ಅಂದಾರು. ನನಗೆ ಅದು ಊರಲ್ಲಿ ಹೆಣದ ಮುಂದೆ ಕೂತು ಅಳುವ ಹೆಂಗಸರ ದನಿಗೆ ಹೆಚ್ಚು ಹತ್ತಿರ. ಆ ದಿನದ ಕೆಲಸಕ್ಕೆ ಆಕೆಗೆ ಸಿಕ್ಕಿದ್ದು 30 ಪೌಂಡ್. 2004ರಲ್ಲಿ ಕೋರ್ಟಿಗೆ ಹೋದಳು, ಮರುವರ್ಷ ರಾಜಿಯಾಯಿತು, ಆಮೇಲೆ ರೈಟ್ ಹೆಸರಿನ ಪಕ್ಕ ಆಕೆಯ ಹೆಸರೂ ಬಂತು. ಮೂವತ್ತು ವರ್ಷ ತಡವಾಗಿ. ಇದೇ ಆಲ್ಬಮ್ಮಿನಲ್ಲಿ ಮುಂದಿನ ಹಾಡು 'ಮನಿ' ಅನ್ನುವುದನ್ನು ಗಮನಿಸಬೇಕು.

'ಮನಿ' ಶುರುವಾಗುವುದು ನಾಣ್ಯಗಳ ಝಣಝಣ, ಕ್ಯಾಶ್ ರಿಜಿಸ್ಟರಿನ ಸದ್ದಿನಿಂದ. ಟೇಪನ್ನು ಅಳತೆ ಮಾಡಿ ಕತ್ತರಿಸಿ, ಏಳು ತುಂಡು ಅಂಟಿಸಿ ಸುತ್ತು ಮಾಡಿದ್ದು. ಷಣ್ಮುಖಾನಂದ ಸಭಾಂಗಣದಲ್ಲಿ ತೊಡೆ ತಟ್ಟಿಕೊಂಡು ಕೂರುವ ಮಾಟುಂಗದ ಮಾಮಾಗಳಿಗೆ ಈ ಏಳು ಹೊಸದಲ್ಲ, ಮಿಶ್ರಛಾಪು ಗೊತ್ತಿದ್ದವರ ಕೈ ತಾನಾಗಿ ಹಾಕಿಬಿಡುತ್ತದೆ. ಆದರೆ ಗಿಲ್ಮೋರ್‌ನ ಗಿಟಾರ್ ಸರದಿ ಬಂದ ಕೂಡಲೇ ಲೆಕ್ಕ ನಾಲ್ಕಕ್ಕೆ ಇಳಿಯುತ್ತದೆ. ಅಷ್ಟು ಹೊತ್ತು ಕುಂಟುತ್ತಿದ್ದದ್ದು ಸಲೀಸಾಗಿ ಓಡತೊಡಗುತ್ತದೆ. ಹಣವನ್ನು ಗೇಲಿ ಮಾಡಲು ಹೊರಟ ಹಾಡು ಅಲ್ಲಿ ಹಣದ ಸುಖವನ್ನೂ ಕೊಟ್ಟುಬಿಡುತ್ತದೆ. ಸಾಹಿತ್ಯದ ವ್ಯಂಗ್ಯ ನನಗೆ ಈಗ ಸ್ವಲ್ಪ ಸುಲಭದ್ದಾಗಿ ಕಾಣುತ್ತದೆ. ತಾಳ ಹೇಳುವುದು ಅದಕ್ಕಿಂತ ಕಷ್ಟದ ಸತ್ಯ.

ಅದು ನನಗೆ ಹೊಳೆದದ್ದು 2007ರ ಫೆಬ್ರವರಿ 18ರ ರಾತ್ರಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಎಂಎಂಆರ್‌ಡಿಎ ಮೈದಾನದಲ್ಲಿ. ವಾಟರ್ಸ್ ತನ್ನದೇ ಬೇರೆ ತಂಡ ಕಟ್ಟಿಕೊಂಡು ಮುಂಬಯಿಗೆ ಬಂದಿದ್ದ, ಕಾರ್ಯಕ್ರಮದ ಎರಡನೇ ಭಾಗದಲ್ಲಿ ಈ ಆಲ್ಬಮ್ಮನ್ನು ಪೂರ್ತಿಯಾಗಿ ನುಡಿಸಿದ. 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಪರೀಕ್ಷೆ ಅಂತ ತಪ್ಪಿಸಿಕೊಂಡಿದ್ದವನು ನಾನು, ಈ ಸಲ ಬಿಡಲಿಲ್ಲ. ನಾಣ್ಯದ ಸದ್ದು ಕತ್ತಲಲ್ಲಿ ಎದ್ದಾಗ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನ ಕಟ್ಟಡ ಅಲ್ಲೇ ಹತ್ತಿರದಲ್ಲಿತ್ತು. ಸುತ್ತ ಕುಣಿಯುತ್ತಿದ್ದವರಲ್ಲಿ ಅರ್ಧ ಜನ ನಾಳೆ ಬೆಳಿಗ್ಗೆ ಕೊರಳಿಗೆ ಐಡಿ ಕಾರ್ಡ್ ತೂಗಿಹಾಕಿಕೊಂಡು ಅದೇ ಬೀದಿಗೆ ಕೆಲಸಕ್ಕೆ ಬರುವವರು. ನಾನೂ ಕುಣಿದೆ. ಅದೇ ವಾರ ನನ್ನ ಕೈಗೆ ಸಂಬಳ ಏರಿಕೆಯ ಪತ್ರ ಬಂದಿತ್ತು.

ಮುಂಬಯಿಯ ಕನ್ನಡಿಗನಾಗಿ ಈ ಆಲ್ಬಮ್ ಕೇಳುವಾಗ ಯಶವಂತ ಚಿತ್ತಾಲರ 'ಶಿಕಾರಿ' ನೆನಪಾಗದೆ ಇರದು. 1979ರ ಆ ಕಾದಂಬರಿಯ ನಾಗಪ್ಪ ಇದೇ ಊರಿನ ಕಂಪನಿಯೊಂದರ ಅಧಿಕಾರಿ, ಒಂದು ದಿನ ಸಸ್ಪೆಂಡ್ ಆಗುತ್ತಾನೆ. ಅಲ್ಲಿಂದ ಮುಂದೆ ಯಾರು ಬೇಟೆಗಾರ, ಯಾರು ಮಿಗ ಅನ್ನುವುದು ಅವನಿಗೂ ತಿಳಿಯುವುದಿಲ್ಲ, ನಮಗೂ. ಎರಡರಲ್ಲೂ ಹುಚ್ಚು ಹೊರಗಿನಿಂದ ಬಂದು ಹಿಡಿಯುವ ದೆವ್ವವಲ್ಲ, ಆಫೀಸಿಗೆ ಹೋಗಿ ಬರುವ ಮನುಷ್ಯನ ಒಳಗೇ ಸಣ್ಣಗೆ ಹೆಪ್ಪುಗಟ್ಟುವಂಥದ್ದು. ವ್ಯತ್ಯಾಸವಿರುವುದು ಪ್ರಶ್ನೆಗಳಲ್ಲಿ. ನಾಗಪ್ಪನನ್ನು ಪ್ರಶ್ನಿಸುವವರು ಅವನನ್ನು ಸಿಕ್ಕಿಹಾಕಿಸಲು ಪ್ರಶ್ನಿಸುತ್ತಾರೆ. ವಾಟರ್ಸ್ ಕಾರ್ಡುಗಳ ಮೇಲೆ ಪ್ರಶ್ನೆ ಬರೆದು ಸ್ಟುಡಿಯೋದಲ್ಲಿ ಸಿಕ್ಕವರಿಗೆಲ್ಲ ಕೇಳಿದ: ಸಾವಿಗೆ ಹೆದರುತ್ತೀಯಾ, ಕೊನೆಯ ಸಲ ಯಾವಾಗ ಯಾರಿಗೆ ಕೈಮಾಡಿದೆ, ಮಾಡಿದ್ದು ಸರಿಯಿತ್ತಾ. ಪಾಲ್ ಮೆಕಾರ್ಟ್ನಿಯನ್ನೂ ಕೇಳಿದ್ದ, ಆದರೆ ಅವನ ಉತ್ತರವನ್ನು ಬಳಸಲಿಲ್ಲ. ಬಳಸಿದ್ದು ತಂಡದ ಸಾಮಾನು ಹೊರುವವರ, ಸ್ಟುಡಿಯೋದ ಬಾಗಿಲು ಕಾಯುವ ಐರಿಷ್ ಮುದುಕ ಜೆರ್ರಿ ಒಡ್ರಿಸ್ಕಾಲ್‌ನ ಮಾತು. ಆಲ್ಬಮ್ಮಿನ ಕೊನೆಯ ಮಾತೂ ಆ ಬಾಗಿಲು ಕಾಯುವವನದೇ. ಪ್ರಸಿದ್ಧನ ಜಾಣ ಉತ್ತರವನ್ನು ಬಿಟ್ಟು ಕಾವಲುಗಾರನ ತೊದಲನ್ನು ಇಟ್ಟುಕೊಂಡ ಈ ಆಯ್ಕೆಯೇ ವಾಟರ್ಸ್ ಬರೆದ ಯಾವ ಸಾಲಿಗಿಂತ ದೊಡ್ಡದು ಅಂತ ನನ್ನ ಲೆಕ್ಕ.

'ಎನಿ ಕಲರ್ ಯು ಲೈಕ್' ಬಗ್ಗೆ ಹೇಳುವುದು ಹೆಚ್ಚಿಲ್ಲ, ಅದು ಎರಡು ಹಾಡುಗಳ ನಡುವಿನ ಓಣಿ. ಆದರೆ 'ಟೈಮ್' ಬಗ್ಗೆ ಹೇಳದೆ ಮುಗಿಸಲಾರೆ. ಇಂಜಿನಿಯರ್ ಆ್ಯಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಒಂದೊಂದನ್ನೇ ರೆಕಾರ್ಡ್ ಮಾಡಿ ತಂದಿದ್ದ, ಬೇರೆ ಕೆಲಸಕ್ಕೆ. ಅವೆಲ್ಲ ಒಟ್ಟಿಗೆ ಬಡಿದುಕೊಂಡ ಮೇಲೆ ಎರಡು ನಿಮಿಷದಷ್ಟು ಹೊತ್ತು ಹಾಡೇ ಶುರುವಾಗುವುದಿಲ್ಲ, ನಿಕ್ ಮೇಸನ್‌ನ ಡ್ರಮ್ಮು ಖಾಲಿ ಮನೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತದೆ. ಇಪ್ಪತ್ಮೂರರಲ್ಲಿ ನಾನು ಆ ಎರಡು ನಿಮಿಷವನ್ನು ದಾಟಿಸಿ ನೇರ ಹಾಡಿಗೆ ಹೋಗುತ್ತಿದ್ದೆ. ಬೇಂದ್ರೆಯವರಿಗೆ ಕಾಲ ಹಾರುವ ಹಕ್ಕಿಯಾಗಿತ್ತು, ನೋಡುವವನಿಗೆ ಬೆರಗು. ಇಲ್ಲಿ ಬೆರಗಿಲ್ಲ. ಓಡಬೇಕು ಅಂತ ಯಾರೂ ಹೇಳಲಿಲ್ಲ, ಗೊತ್ತಾಗುವಷ್ಟರಲ್ಲಿ ಹತ್ತು ವರ್ಷ ಹಿಂದೆ ಬಿದ್ದಿದ್ದೀಯ ಅನ್ನುವ ತಣ್ಣನೆಯ ಲೆಕ್ಕ. ದಿನವಿಡೀ ಬೇರೆಯವರ ಡೆಡ್‌ಲೈನ್‌ಗಳನ್ನು ಕಾಯುವುದೇ ನನ್ನ ಉದ್ಯೋಗ. ಅಪ್ಪನಿಗೆ ಕಣ್ಣಿನ ಆಪರೇಷನ್ ಮಾಡಿಸಲು ಊರಿಗೆ ಹೋಗುವುದನ್ನು ಮೂರು ರಿಲೀಸ್ ಮುಂದೂಡಿದವನಿಗೆ ಆ ಖಾಲಿ ಎರಡು ನಿಮಿಷ ಈಗ ದಾಟಿಸಲು ಆಗುವುದಿಲ್ಲ.

2023ರಲ್ಲಿ ವಾಟರ್ಸ್ ಇಡೀ ಆಲ್ಬಮ್ಮನ್ನು 'ರಿಡಕ್ಸ್' ಅಂತ ಮತ್ತೆ ಮಾಡಿದ. ಗಿಲ್ಮೋರ್‌ನ ಗಿಟಾರ್ ಸರದಿಗಳಿಲ್ಲ, ಎಂಬತ್ತರ ಹಣ್ಣಾದ ದನಿಯಲ್ಲಿ ಮಾತು, ಮಾತು, ಇನ್ನಷ್ಟು ಮಾತು. ಕ್ಲೇರ್ ಟೋರಿ ಕೂಗಿದ ಜಾಗದಲ್ಲೂ ಮಾತು. ಗೌರವದಿಂದ ಒಮ್ಮೆ ಪೂರ್ತಿ ಕೇಳಿದೆ. ಸಾಹಿತ್ಯ ಸ್ಪಷ್ಟವಾಗಿ ಕೇಳಿಸಿತು, ಹಾಡು ಕೇಳಿಸಲಿಲ್ಲ. ರೈಟ್ ತೀರಿಕೊಂಡು ಆಗಲೇ ಹದಿನೈದು ವರ್ಷವಾಗಿತ್ತು.

ಆ ಹುಡುಗನಿಗೆ ಇಷ್ಟೆಲ್ಲ ಹೇಳಲು ಹೋಗಲಿಲ್ಲ. ಟೇಬಲ್ ಖಾಲಿಯಾಗುವವರೆಗೆ ಅವನ ಇಯರ್‌ಫೋನಿನಲ್ಲಿ ಒಂದೇ ಒಂದು ತುಣುಕು ಹಾಕಿಕೊಟ್ಟೆ, ಪದಗಳಿಲ್ಲದ್ದು. ಒಳಗಿನಿಂದ ಎರಡು ಸೀಟು ಅಂತ ಕೂಗಿದರು. ಅವನು ಕೈ ಅಡ್ಡ ಹಿಡಿದು, ನೀವು ಹೋಗಿ ಅಂಕಲ್, ಇದು ಮುಗೀಲಿ ಅಂತ ಸನ್ನೆ ಮಾಡಿದ.