ಇಪ್ಪತ್ತಾರು ವಾರಗಳ ನಂತರ

ಕಳೆದ ತಿಂಗಳು ನಮ್ಮ ಓದುಕೂಟದಲ್ಲಿ ವಾಲ್ಟರ್ ಗ್ರೀನ್‌ವುಡ್ ಅವರ 'ಲವ್ ಆನ್ ದ ಡೋಲ್' ಕಾದಂಬರಿ ಚರ್ಚೆಗಿತ್ತು. ಚಹಾ, ಚಕ್ಕುಲಿಗಳ ನಡುವೆ ಹೆಚ್ಚಿನವರು ಹೇಳಿದ್ದು ಒಂದೇ ಮಾತು: "ಚೆನ್ನಾಗಿದೆ, ಆದರೆ ಹಳೇ ಕಾಲದ ಬಡತನದ ಕತೆ." ಅಂದು ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದು ತಪ್ಪು ಅನ್ನಿಸಿ ಈಗ ಬರೆಯುತ್ತಿದ್ದೇನೆ.

1933ರಲ್ಲಿ ಪ್ರಕಟವಾದ ಈ ಕಾದಂಬರಿ ನಡೆಯುವುದು ನಮ್ಮ ಮ್ಯಾಂಚೆಸ್ಟರಿಗೆ ಅಂಟಿಕೊಂಡೇ ಇರುವ ಸಾಲ್ಫರ್ಡ್‌ನ ಹ್ಯಾಂಕಿ ಪಾರ್ಕ್ ಎಂಬ ಕೇರಿಯಲ್ಲಿ. ಗ್ರೀನ್‌ವುಡ್ ಹುಟ್ಟಿ ಬೆಳೆದದ್ದೂ ಅಲ್ಲೇ. ಹ್ಯಾರಿ ಹಾರ್ಡ್‌ಕಾಸಲ್ ಏಳು ವರ್ಷ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ದುಡಿಯುತ್ತಾನೆ. ಅವಧಿ ಮುಗಿದು ಪೂರ್ತಿ ಕೂಲಿ ಕೊಡಬೇಕಾದಾಗ ಅವನನ್ನು ಮನೆಗೆ ಕಳಿಸುತ್ತಾರೆ. (ಇಲ್ಲಿ ನಮ್ಮ ಸಾಫ್ಟ್‌ವೇರ್ ಮಿತ್ರರಿಗೆ ಏನಾದರೂ ನೆನಪಾದರೆ ಆಶ್ಚರ್ಯವಿಲ್ಲ!)

ಆದರೆ ನನ್ನ ಮಟ್ಟಿಗೆ ಕಾದಂಬರಿಯ ಜೀವ ಇರುವುದು ಕೆಲಸ ಹೋದ ದಿನದಲ್ಲಲ್ಲ, ಭತ್ಯೆ ನಿಂತ ದಿನದಲ್ಲಿ. 1931ರಲ್ಲಿ ಬ್ರಿಟನ್ ಸರ್ಕಾರ ವಿಮೆಯ ಹಕ್ಕಿನಿಂದ ಬರುತ್ತಿದ್ದ ನಿರುದ್ಯೋಗ ಭತ್ಯೆಯನ್ನು 26 ವಾರಗಳಿಗೆ ಮಿತಿಗೊಳಿಸಿತು. ಆಮೇಲೆ 'ಮೀನ್ಸ್ ಟೆಸ್ಟ್': ಮನೆಯಲ್ಲಿ ಯಾರ್ಯಾರು ಎಷ್ಟೆಷ್ಟು ದುಡಿಯುತ್ತಾರೆ ಎಂಬ ಲೆಕ್ಕ. ಅಕ್ಕ ಸ್ಯಾಲಿಯ ಮಿಲ್ಲಿನ ಕೂಲಿ ಮನೆಗೆ ಬರುತ್ತದೆಂದು ಹ್ಯಾರಿಯ ಭತ್ಯೆ ನಿಲ್ಲುತ್ತದೆ. ಒಂದೇ ಸೂರಿನಡಿ ಇದ್ದವರು ಒಬ್ಬರಿಗೊಬ್ಬರು ಭಾರವಾಗುತ್ತಾರೆ.

ಹಾಗೆಂದು ಹ್ಯಾಂಕಿ ಪಾರ್ಕಿನಲ್ಲಿ ಸಹಾಯವೇ ಇಲ್ಲವೆಂದಲ್ಲ. ಇದೆ, ಆದರೆ ಪುಕ್ಕಟೆಯಲ್ಲ. ನೆರೆಯ ಮಿಸೆಸ್ ನ್ಯಾಟಲ್ ಪಕ್ಕದ ಮನೆಯವರ ಬಟ್ಟೆಗಂಟನ್ನು ಗಿರವಿ ಅಂಗಡಿಗೆ ಒಯ್ದು ಕೊಡುತ್ತಾಳೆ, ಕಮಿಷನ್ ಹಿಡಿದುಕೊಂಡು. ಕೊನೆಗೆ ಅಪ್ಪನಿಗೂ ತಮ್ಮನಿಗೂ ಕೆಲಸ ಸಿಗುವುದು ಬಾಜಿ ದಂಧೆಯ ಸ್ಯಾಮ್ ಗ್ರಂಡಿಯ ಕೃಪೆಯಿಂದ. ಅದಕ್ಕೆ ಸ್ಯಾಲಿ ತನ್ನನ್ನೇ ತೆರಬೇಕಾಗುತ್ತದೆ. ಗ್ರೀನ್‌ವುಡ್ ಅವಳನ್ನು ಬೈಯುವುದಿಲ್ಲ, ದೇವತೆಯನ್ನಾಗಿಯೂ ಮಾಡುವುದಿಲ್ಲ. ಅದೇ ಈ ಬರಹದ ಶಕ್ತಿ.

ದೋಷಗಳೂ ಇವೆ. ಲ್ಯಾರಿ ಮೀತ್ ಬಾಯಿ ತೆರೆದರೆ ಕತೆ ನಿಂತು ಭಾಷಣ ಶುರುವಾಗುತ್ತದೆ. ಲ್ಯಾಂಕಾಷೈರ್ ಆಡುಮಾತು, ಧಾರವಾಡದ ಮಾತನ್ನು ಮೈಸೂರಿನವನು ಮೊದಲ ಸಲ ಓದಿದಂತೆ, ಐವತ್ತು ಪುಟ ಕಾಡಿಸುತ್ತದೆ.

ಇನ್ನು "ಹಳೇ ಕಾಲ" ಎಂಬ ಮಾತು. 2023ರಲ್ಲಿ ನನ್ನ ಕೆಲಸ ಹೋಯಿತು. ಕಟ್ಟಿದ್ದ ನ್ಯಾಷನಲ್ ಇನ್ಶೂರೆನ್ಸ್ ಲೆಕ್ಕದಲ್ಲಿ ವಾರಕ್ಕೆ 84.80 ಪೌಂಡ್ ಭತ್ಯೆ ಬಂತು. ಎಷ್ಟು ದಿನ? 182. ಏಳರಿಂದ ಭಾಗಿಸಿ ನೋಡಿ, ಅದೇ 26 ವಾರ! ಆಮೇಲಿನ ಯೂನಿವರ್ಸಲ್ ಕ್ರೆಡಿಟ್‌ಗೆ ಗಂಡ-ಹೆಂಡತಿ ಇಬ್ಬರ ಸಂಬಳ, ಉಳಿತಾಯ ಎರಡೂ ಲೆಕ್ಕ. ಮನೆ ಕೊಳ್ಳಲೆಂದು ಕೂಡಿಟ್ಟದ್ದು 16,000 ಪೌಂಡಿನ ಮಿತಿ ದಾಟಿದ್ದರಿಂದ ನಮಗೆ ಏನೂ ಇಲ್ಲ. ನಾವೇನೂ ಉಪವಾಸ ಬೀಳಲಿಲ್ಲ. ಹಾರ್ಡ್‌ಕಾಸಲ್ ಮನೆಯ ಜೊತೆ ಹೋಲಿಸಿಕೊಂಡರೆ ತಪ್ಪಾದೀತು. ಆದರೆ ಹಾಸನದಿಂದ ಅಪ್ಪ ಫೋನಿನಲ್ಲಿ "ಏನಪ್ಪಾ, ಇವತ್ತೂ ಆಫೀಸಿಗೆ ಹೋಗ್ಲಿಲ್ವಾ?" ಎಂದಾಗಲೆಲ್ಲ "ಮನೆಯಿಂದಲೇ ಕೆಲಸ ಅಪ್ಪಾ" ಎಂದೆ. ಏಳು ತಿಂಗಳು ಹಾಗೇ ಅಂದೆ. ನಿಮಗೂ ಹೇಳಲಿಲ್ಲ.

ಗ್ರೀನ್‌ವುಡ್ ಕಾಣದ ಒಂದು ಬಾಗಿಲು ಮಾತ್ರ ನನಗೆ ತೆರೆಯಿತು. ಸಿಟಿಜನ್ಸ್ ಅಡ್ವೈಸ್‌ನಲ್ಲಿ ಒಬ್ಬ ಹಿರಿಯ ಮಹಿಳೆ ಒಂದು ಪೆನ್ನಿ ಕೇಳದೆ ಗಂಟೆ ಹೊತ್ತು ಕೂತು ವಿವರಿಸಿದರು: ಭತ್ಯೆ ನಿಂತರೂ ಸಹಿ ಹಾಕುವುದನ್ನು ಮುಂದುವರಿಸಿದರೆ ಇನ್ಶೂರೆನ್ಸ್ ಕ್ರೆಡಿಟ್ ಸಿಗುತ್ತದೆ, ಪಿಂಚಣಿಯ ಲೆಕ್ಕ ತುಂಡಾಗುವುದಿಲ್ಲ. ಸ್ಯಾಮ್ ಗ್ರಂಡಿಗಳ ಹತ್ತಿರ ಹೋಗದಿರಲು ಇಂಥವರು ಬೇಕು. ಅವರನ್ನು ಹುಡುಕಲು ನಾನು ಬಾಯಿಬಿಡಬೇಕಿತ್ತು, ಬಿಟ್ಟದ್ದು ತಡವಾಗಿ.

ಹೊರನಾಡಿನ ನಮ್ಮ ಬರಹಗಳಲ್ಲಿ ಹಿಮವಿದೆ, ಅಮ್ಮನ ಸಾರಿದೆ, ಊರಿನ ಹಂಬಲವಿದೆ. ಭತ್ಯೆ ನಿಂತ ಕಾಗದ ಕೈಲಿ ಹಿಡಿದು ನಿಂತವನು ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಥವರು ನಮ್ಮಲ್ಲಿಲ್ಲ ಎಂದಲ್ಲ, ನಾವು ಹೇಳಿಕೊಳ್ಳುವುದಿಲ್ಲ, ಅಷ್ಟೆ. ಕಾದಂಬರಿಯನ್ನು ಇನ್ನೊಮ್ಮೆ ಓದಿ. ನಿಮ್ಮಲ್ಲಿ ಯಾರಾದರೂ ಈಗ ಇಪ್ಪತ್ತನೇ ವಾರದಲ್ಲಿದ್ದರೆ, ಓದುವ ಮೊದಲು ನನಗೊಂದು ಫೋನ್ ಮಾಡಿ.