ಕಾಣುವುದು ಬೇರೆ, ಉಳಿಯುವುದು ಬೇರೆ

ಕಳುವಾದ ಮರುದಿನ ಮನೆಗೆ ಬಂದ ಪೊಲೀಸರು ಕೇಳುವ ಮೊದಲ ಪ್ರಶ್ನೆ, ‘ಕ್ಯಾಮೆರಾ ಅದಾವೇನ್ರಿ?’ ಎರಡನೆಯದು, ‘ರೆಕಾರ್ಡ್ ಸಿಗತೈತೇನ್ರಿ?’ ಮೊದಲನೆಯದಕ್ಕೆ ಥಟ್ಟನೆ ಹೌದೆನ್ನುವವರಲ್ಲಿ ಎಷ್ಟೋ ಮಂದಿ ಎರಡನೆಯದಕ್ಕೆ ತಡವರಿಸುತ್ತಾರೆ. ಕ್ಯಾಮೆರಾ ಇದೆ, ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಇದೆ, ಟಿವಿಯಲ್ಲಿ ನಾಲ್ಕು ಚೌಕದಲ್ಲಿ ಅಂಗಳ, ತಲಬಾಗಿಲು, ಹಿತ್ತಲು, ಓಣಿ ಸ್ಪಷ್ಟವಾಗಿ ಕಾಣುತ್ತಿವೆ. ಬೇಕಾದ ರಾತ್ರಿ ಮಾತ್ರ ಇಲ್ಲ.

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಲ್ಲಿ, ಸುತ್ತಿನ ಡಂಬಳ, ಡೋಣಿ ಕಡೆ, ಸಿಸಿ ಕ್ಯಾಮೆರಾ ಈಗ ಬೆರಗಿನ ವಸ್ತುವಾಗಿ ಉಳಿದಿಲ್ಲ. ಕಿರಾಣಿ ಅಂಗಡಿಯವರು, ಗೊಬ್ಬರದ ಅಂಗಡಿಯವರು ಹಾಕಿಸಿಕೊಂಡ ಮೇಲೆ ಮನೆಯವರೂ ಹಾಕಿಸಿಕೊಳ್ಳುತ್ತಿದ್ದಾರೆ. ಇದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಎರೆ ಹೊಲದ ಊರುಗಳಲ್ಲಿ ವರ್ಷದ ದುಡಿಮೆಯೆಲ್ಲ ಕೆಲವು ವಾರ ಅಂಗಳದಲ್ಲೇ ಇರುತ್ತದೆ: ಒಣಮೆಣಸಿನಕಾಯಿ, ಉಳ್ಳಾಗಡ್ಡಿ, ಹೆಸರು. 2019ರ ಡಿಸೆಂಬರಿನಲ್ಲಿ ಉಳ್ಳಾಗಡ್ಡಿ ಪೇಟೆಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದಾಗ ಅಂಗಳದ ರಾಶಿಯನ್ನು ಬಿಟ್ಟು ಮಲಗುವುದು ಯಾರಿಗೂ ಸುಲಭವಿರಲಿಲ್ಲ. ಕಾಯಲು ಆಳಿಲ್ಲದವರಿಗೆ ಕ್ಯಾಮೆರಾ ನಿಜವಾದ ಅಗತ್ಯ. ಅಗತ್ಯದ ಈ ವಸ್ತುವನ್ನು ನಮ್ಮಲ್ಲಿ ಕೂಡಿಸುವ, ಕೆಟ್ಟಾಗ ನೋಡುವ ರೀತಿಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು ಎಂಬುದು ನನ್ನ ವಾದ.

ಈ ಕೆಲಸ ಸರಿಯಾಯಿತೋ ಇಲ್ಲವೋ ಎಂದು ತೀರ್ಮಾನಿಸಲು ನಾವು ಬಳಸುತ್ತಿರುವ ಅಳತೆಗೋಲೇ ತಪ್ಪು. ರಿಪೇರಿಯ ಹುಡುಗ ಬರುತ್ತಾನೆ, ಪಿನ್ ಬಿಚ್ಚಿ ಹಾಕುತ್ತಾನೆ, ಟಿವಿಯಲ್ಲಿ ಚಿತ್ರ ಮೂಡುತ್ತದೆ. ‘ನೋಡ್ರಿ ಅಣ್ಣಾರ, ಬಂತು’ ಎನ್ನುತ್ತಾನೆ. ನಾವೂ ಬಂತು ಎಂದು ದುಡ್ಡು ಕೊಡುತ್ತೇವೆ. ಆ ಕ್ಷಣದಲ್ಲಿ ಕಂಡದ್ದು ಹಗಲಿನ ಚಿತ್ರ, ಅದೂ ಈಗಿನ ಚಿತ್ರ. ಕ್ಯಾಮೆರಾ ಹಾಕಿಸಿದ್ದು ರಾತ್ರಿಯದಕ್ಕೆ, ಕಳೆದುಹೋದ ಹೊತ್ತಿನದಕ್ಕೆ. ಆ ಎರಡನ್ನೂ ಯಾರೂ ನೋಡುವುದಿಲ್ಲ.

ರಾತ್ರಿಯ ದೋಷವನ್ನೇ ತೆಗೆದುಕೊಳ್ಳಿ. ಹಗಲೆಲ್ಲ ಚೆನ್ನಾಗಿರುವ ಹಿತ್ತಲ ಕ್ಯಾಮೆರಾ ಕತ್ತಲಾದ ಮೇಲೆ ಕಣ್ಣುಮುಚ್ಚಾಲೆ ಆಡುತ್ತದೆ. ಪರದೆಯ ಮೇಲೆ ‘ವಿಡಿಯೋ ಲಾಸ್’ ಎಂದು ಬರುತ್ತದೆ, ಹೋಗುತ್ತದೆ. ನಮ್ಮ ಕಡೆ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಕ್ಯಾಮೆರಾ ಹೋಗೇತ್ರಿ, ಬ್ಯಾರೆ ಹಾಕಬೇಕು.’ ಬೇರೆ ಹಾಕಿದರೂ ಕೆಲವೇ ದಿನಗಳಲ್ಲಿ ಅದೇ ಕಥೆ. ಕ್ಯಾಮೆರಾ ಹೋಗಿರುವುದಿಲ್ಲ, ಅದಕ್ಕೆ ಕರೆಂಟು ಸಾಲುತ್ತಿರುವುದಿಲ್ಲ. ಡಿವಿಆರ್ ಪಕ್ಕದ ಪವರ್ ಸಪ್ಲೈಯಿಂದ ಹೊರಡುವುದು 12 ವೋಲ್ಟ್. ಅದು ಹೋಗುವುದು ಚಿತ್ರಕ್ಕೆ ಒಂದು, ಕರೆಂಟಿಗೆ ಮೂರು ಎಳೆಗಳಿರುವ ತ್ರೀ ಪ್ಲಸ್ ಒನ್ ಕೇಬಲ್ಲಿನ ಕೂದಲಿನಂಥ ಎಳೆಗಳಲ್ಲಿ. ಅರ್ಧ ಮಿಲಿಮೀಟರ್ ದಪ್ಪದ ಅಪ್ಪಟ ತಾಮ್ರದ ಎಳೆಗೂ ಕಿಲೋಮೀಟರಿಗೆ ಸುಮಾರು 85 ಓಮ್ ರೋಧವಿದೆ. ಕ್ಯಾಮೆರಾ 50 ಮೀಟರ್ ದೂರದಲ್ಲಿದ್ದರೆ ಕರೆಂಟು ಹೋಗಿ ಬರುವ ದಾರಿ 100 ಮೀಟರ್, ರೋಧ ಎಂಟೂವರೆ ಓಮ್. ಹಗಲು ಕ್ಯಾಮೆರಾ 0.2 ಆಂಪಿಯರ್ ಎಳೆದರೆ ದಾರಿಯಲ್ಲಿ 1.7 ವೋಲ್ಟ್ ಕಳೆದು 10.3 ಮುಟ್ಟುತ್ತದೆ, ಹೇಗೋ ನಡೆಯುತ್ತದೆ. ಕತ್ತಲಾದೊಡನೆ ಅದರ ಇನ್‌ಫ್ರಾರೆಡ್ ದೀಪಗಳು ಹೊತ್ತಿ ಎಳೆತ 0.4 ಆಂಪಿಯರಿಗೆ ಏರಿತೆನ್ನಿ, 3.4 ವೋಲ್ಟ್ ದಾರಿಪಾಲಾಗಿ 8.6 ಉಳಿಯುತ್ತದೆ. ಕ್ಯಾಮೆರಾ ಆರುತ್ತದೆ. ಆರಿದೊಡನೆ ಎಳೆತ ತಗ್ಗಿ ವೋಲ್ಟೇಜ್ ಏರುತ್ತದೆ, ಕ್ಯಾಮೆರಾ ಏಳುತ್ತದೆ, ದೀಪ ಹೊತ್ತುತ್ತದೆ, ಮತ್ತೆ ಆರುತ್ತದೆ. ಬೆಳಗಿನ ತನಕ ಇದೇ. ಇನ್ನು ಅಗ್ಗದ ಕೇಬಲ್ಲುಗಳಲ್ಲಿ ಇರುವುದು ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು.

ಇದನ್ನು ಪತ್ತೆ ಹಚ್ಚಲು ಬೇಕಾದದ್ದು ಒಂದು ಮಲ್ಟಿಮೀಟರ್ ಮತ್ತು ಕತ್ತಲು. ಹಗಲಲ್ಲಾದರೆ ಕ್ಯಾಮೆರಾದ ಮುಖಕ್ಕೆ ದಪ್ಪ ಬಟ್ಟೆ ಮುಚ್ಚಿದರೆ ಸಾಕು, ರಾತ್ರಿಯಾಯಿತೆಂದು ತಿಳಿದು ಅದು ದೀಪ ಹೊತ್ತಿಸುತ್ತದೆ. ಆಗ ಕ್ಯಾಮೆರಾದ ತುದಿಯಲ್ಲಿ, ಪಿನ್ ಸಿಕ್ಕಿಸಿಯೇ, ವೋಲ್ಟೇಜ್ ಅಳೆಯಬೇಕು. ಪಿನ್ ಬಿಚ್ಚಿ ಅಳೆದರೆ ಮೀಟರು ಯಾವಾಗಲೂ ಹನ್ನೆರಡನ್ನೇ ತೋರಿಸುತ್ತದೆ. ಹೀಗೆ ಬಿಚ್ಚಿ ಅಳೆದು ‘ಪವರ್ ಕರೆಕ್ಟ್ ಐತ್ರಿ’ ಎಂದು ಹೊಸ ಕ್ಯಾಮೆರಾ ಮಾರುವುದು ಈ ಕಸುಬಿನ ಅತಿ ದುಬಾರಿ ತಪ್ಪು. ಪರಿಹಾರಕ್ಕೆ ಖರ್ಚು ಹೆಚ್ಚಿಲ್ಲ: ಕ್ಯಾಮೆರಾದ ಹತ್ತಿರವೇ ಒಂದು ಅಡಾಪ್ಟರ್ ಕೊಡುವುದು, ಇಲ್ಲವೇ ಕೇಬಲ್ಲಿನಲ್ಲಿ ಸುಮ್ಮನಿರುವ ಮೂರನೆಯ ಎಳೆಯನ್ನು ಮೈನಸ್ಸಿಗೆ ಜೋಡಿಸಿ ದಾರಿ ಅಗಲ ಮಾಡುವುದು. ಈ ಎರಡನೆಯ ಉಪಾಯ ಬಲ್ಲ ಹುಡುಗರು ನಮ್ಮಲ್ಲೂ ಇದ್ದಾರೆ. ಅಂಥವರ ಕೈಕೆಲಸ ನೋಡಿದಾಗ ಗೌರವ ಬರುತ್ತದೆ.

ಮಳೆಗಾಲದ ದೋಷಗಳ ಮೂಲವಂತೂ ಬಹುಪಾಲು ಒಂದೇ. ಚಿತ್ರದ ಕೇಬಲ್ ಜೋಡಿಸುವ ಬಿಎನ್‌ಸಿ ಕನೆಕ್ಟರನ್ನು ಡಬ್ಬಿಯೊಳಗೆ ಇಡದೆ ಕ್ಯಾಮೆರಾದ ಕೆಳಗೆ ಜೋತಾಡಲು ಬಿಟ್ಟಿರುತ್ತಾರೆ, ಮೇಲೆ ಒಂದು ಸುತ್ತು ಇನ್ಸುಲೇಷನ್ ಟೇಪು. ನೀರು ಹೊಕ್ಕು ಹಿತ್ತಾಳೆ ಹಸಿರುಗಟ್ಟುತ್ತದೆ, ಚಿತ್ರದಲ್ಲಿ ಅಡ್ಡಗೆರೆ ಹರಿಯುತ್ತವೆ. ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಹಾಕಿದರೆ ತೀರುವ ಮಾತು. ರಾತ್ರಿ ಚಿತ್ರ ಹಾಲಿನಂತೆ ಬೆಳ್ಳಗಾದರೆ ಮೊದಲು ಪೊರಕೆ ಹಿಡಿಯಿರಿ. ಬಹಳ ಸಲ ಕ್ಯಾಮೆರಾದ ಮುಂದೆ ಜೇಡ ಬಲೆ ಕಟ್ಟಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಅನ್ಯಾಯ ಆಗುತ್ತಿರುವುದು ಹಾರ್ಡ್ ಡಿಸ್ಕಿನ ವಿಷಯದಲ್ಲಿ. ಡಿಸ್ಕ್ ಕೆಟ್ಟರೆ ಡಿವಿಆರ್ ಕೂಗುತ್ತದೆ, ಕೂಗಬೇಕೆಂದೇ ಅದನ್ನು ಮಾಡಿದ್ದಾರೆ. ಆ ಬೀಪ್ ಸದ್ದಿಗೆ ಮನೆಯವರಿಗೆ ನಿದ್ದೆ ಬರುವುದಿಲ್ಲ. ಫೋನು ಹೋಗುತ್ತದೆ, ‘ತಮ್ಮಾ, ಅದು ಒದರಾಕತ್ತೈತಿ, ನಿಲ್ಲಸಿ ಹೋಗು.’ ಆತ ಬಂದು ಸೆಟ್ಟಿಂಗಿನಲ್ಲಿ ಬಜರ್ ಆಫ್ ಮಾಡಿ ಹೋಗುತ್ತಾನೆ. ಟಿವಿಯಲ್ಲಿ ಚಿತ್ರ ಎಂದಿನಂತೆ ಇರುತ್ತದೆ, ಏಕೆಂದರೆ ಲೈವ್ ಚಿತ್ರಕ್ಕೆ ಡಿಸ್ಕ್ ಬೇಕಿಲ್ಲ. ಅಂದಿನಿಂದ ಒಂದು ನಿಮಿಷವೂ ದಾಖಲಾಗುವುದಿಲ್ಲ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಇದನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ. ಇದು ಮನೆಯವರ ಕೈಯಲ್ಲಿದ್ದ ಕೊನೆಯ ಎಚ್ಚರಿಕೆಯನ್ನು ಕಿತ್ತುಕೊಳ್ಳುವ ಕೆಲಸ.

ಡಿಸ್ಕ್ ಬದಲಿಸಿದಾಗಲೂ ನೋಡಬೇಕಾದದ್ದಿದೆ. ಹಗಲೂ ರಾತ್ರಿ ಬರೆಯುತ್ತಲೇ ಇರುವ ಈ ಕೆಲಸಕ್ಕೆಂದೇ ಬೇರೆ ಬಗೆಯ ಡಿಸ್ಕ್‌ಗಳು ಬರುತ್ತವೆ. ಕಂಪ್ಯೂಟರಿನಿಂದ ಬಿಚ್ಚಿದ ಹಳೆಯದನ್ನು ತೊಳೆದು ಹೊಸ ಚೀಟಿ ಅಂಟಿಸಿ ಮಾರುವವರೂ ಇದ್ದಾರೆ. ಬಹುತೇಕ ಡಿವಿಆರ್‌ಗಳ ಮೆನುವಿನಲ್ಲಿ ‘ಸ್ಮಾರ್ಟ್’ ಎಂಬ ಪುಟವಿದೆ. ಡಿಸ್ಕ್ ಹುಟ್ಟಿದಂದಿನಿಂದ ಎಷ್ಟು ಗಂಟೆ ಓಡಿದೆ ಎಂಬುದು ಅಲ್ಲಿ ಬರೆದಿರುತ್ತದೆ. ವರ್ಷಕ್ಕೆ 8,760 ಗಂಟೆ. ಹೊಸದೆಂದು ಕೊಂಡ ಡಿಸ್ಕಿನಲ್ಲಿ ಇಪ್ಪತ್ತು ಸಾವಿರ ಗಂಟೆ ಕಂಡರೆ ಅದಾಗಲೇ ಎರಡು ವರ್ಷಕ್ಕೂ ಮೀರಿ ದುಡಿದು ಬಂದದ್ದು. ಡಿವಿಆರನ್ನು ಪತ್ರಾಸಿನ ಕೆಳಗಿನ ಅಟ್ಟದಲ್ಲಿ, ಬಟ್ಟೆಯ ಗಂಟಿನ ಹಿಂದೆ ಬಚ್ಚಿಡುವವರಿಗೂ ಒಂದು ಮಾತು. ಕಳ್ಳನ ಕಣ್ಣಿಗೆ ಬೀಳಬಾರದು, ನಿಜ. ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಆ ಜಾಗದಲ್ಲಿ ಡಿಸ್ಕ್ ಬಹಳ ದಿನ ಬಾಳುವುದಿಲ್ಲ.

ಡಿಸ್ಕ್ ಸರಿಯಿದ್ದರೂ ಎಷ್ಟು ದಿನದ ದಾಖಲೆ ಉಳಿಯುತ್ತದೆಂದು ಲೆಕ್ಕ ಹಾಕಿ ಹೇಳುವವರು ವಿರಳ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ 86.4. ಒಂದು ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹನ್ನೆರಡನೆಯ ದಿನ ಮೊದಲ ದಿನದ ಮೇಲೆ ಬರೆಯತೊಡಗುತ್ತದೆ. ಪಟ್ಟಣದ ಮನೆಗೆ ಇದು ಸಾಕಾದೀತು. ಆದರೆ ಮುಂಡರಗಿ ಸೀಮೆಯಿಂದ ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವ ಮನೆಗಳಿವೆ. ಬೀಗ ಹಾಕಿ ತಿಂಗಳುಗಟ್ಟಲೆ ಹೋದವರು ಯುಗಾದಿಗೆ ಬಂದು ಬೀಗ ಮುರಿದದ್ದನ್ನು ಕಂಡರೆ ಹನ್ನೊಂದು ದಿನದ ದಾಖಲೆಯಿಂದ ಏನು ಪ್ರಯೋಜನ? ಕಾನೂನು ಕ್ಯಾಮೆರಾವನ್ನು ಅಳೆಯುವುದು ದಿನಗಳಲ್ಲಿ. ಜನ ಸೇರುವ ಸಂಸ್ಥೆಗಳು 30 ದಿನದ ದೃಶ್ಯ ಉಳಿಸಿಕೊಂಡಿರಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಪೊಲೀಸ್ ಠಾಣೆಗಳ ಕ್ಯಾಮೆರಾ ದೃಶ್ಯ 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿತು. ಮನೆಗಳಿಗೆ ಈ ನಿಯಮಗಳು ಅನ್ವಯಿಸದಿದ್ದರೂ, ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ನಾವು ಎಷ್ಟು ದಿನ ಎಂದೂ ಕೇಳಬೇಕಲ್ಲವೇ?

ಇನ್ನೊಂದು ದೋಷ ಗಡಿಯಾರದ್ದು. ಡಿವಿಆರ್ ಒಳಗೆ ನಾಣ್ಯದಷ್ಟು ಗಾತ್ರದ 3 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಜಿಗಿಯುತ್ತದೆ. ಕೆಲವು ಯಂತ್ರಗಳಲ್ಲಿ 2000ದ ಜನವರಿ 1ಕ್ಕೆ, ಕೆಲವುಗಳಲ್ಲಿ 1970ಕ್ಕೆ. ದಾಖಲೆ ಆಗುತ್ತಲೇ ಇರುತ್ತದೆ, ಆದರೆ ಆ ಹಳೆಯ ತಾರೀಖಿನ ಕೆಳಗೆ. ಕಳುವಾದ ರಾತ್ರಿಯ ತಾರೀಖು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ‘ರೆಕಾರ್ಡ್ ಆಗಿಲ್ರಿ, ಡಿಸ್ಕ್ ಫಾರ್ಮ್ಯಾಟ್ ಮಾಡೂಣ’ ಎಂಬ ಮಾತು ಬರುವುದು ಇಂಥ ಹೊತ್ತಿನಲ್ಲೇ. ಫಾರ್ಮ್ಯಾಟ್ ಒತ್ತಿದರೆ ತಪ್ಪು ತಾರೀಖಿನ ಕೆಳಗೆ ಕುಳಿತಿದ್ದ ಕಳ್ಳನೂ ಹೋಗುತ್ತಾನೆ. ಕಳುವಿನ ನಂತರ ದೃಶ್ಯ ಸಿಗದಿದ್ದರೆ ಮಾಡಬೇಕಾದದ್ದು ಡಿವಿಆರ್ ಆಫ್ ಮಾಡುವುದು, ಹೊಸದು ಹಳೆಯದರ ಮೇಲೆ ಬರೆಯದಂತೆ ತಡೆಯುವುದು, ಬಲ್ಲವರು ಬಂದು ಕ್ಯಾಲೆಂಡರಿನ ಎಲ್ಲ ತಿಂಗಳನ್ನೂ ತೆರೆದು ನೋಡುವ ತನಕ ಫಾರ್ಮ್ಯಾಟ್ ಎಂಬ ಮಾತನ್ನು ಬಾಯಿಗೆ ತರದಿರುವುದು.

ದೃಶ್ಯ ಸಿಕ್ಕರೂ ನಾವು ಅದನ್ನು ಕೆಡಿಸುತ್ತೇವೆ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪಿನಲ್ಲಿ ಹಂಚುತ್ತೇವೆ. ಊರಿಗೆ ಸುದ್ದಿ ಮುಟ್ಟಿಸಲು ಅದು ಸರಿ, ನ್ಯಾಯಾಲಯಕ್ಕೆ ಅದು ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಡಿವಿಆರ್‌ನಿಂದಲೇ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯಬೇಕು, ಪರದೆಯ ಮೇಲಿನ ಸಮಯಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಆಗಲೇ ಬರೆದಿಡಬೇಕು.

ಪಾಸ್‌ವರ್ಡ್ ವಿಚಾರದಲ್ಲಿ ನನಗೆ ಸಹನೆ ಉಳಿದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಪಾಸ್‌ವರ್ಡ್ ಮನೆಯವರಿಗೆ ಗೊತ್ತಿಲ್ಲ, ಕೂಡಿಸಿದವನಿಗೆ ಗೊತ್ತು. ಆತ ಊರು ಬಿಟ್ಟರೆ, ನಂಬರ್ ಬದಲಿಸಿದರೆ, ಸ್ವಂತ ಮನೆಯ ಪೆಟ್ಟಿಗೆ ತೆರೆಯಲು ಕಂಪನಿಗೆ ಸೀರಿಯಲ್ ನಂಬರ್ ಕಳಿಸಿ ಬೇಡಬೇಕು. ಇದಕ್ಕಿಂತ ಗಂಭೀರವಾದದ್ದು, ಮೊಬೈಲ್ ಆ್ಯಪಿಗೆ ಜೋಡಿಸುವಾಗ ಡಿವಿಆರನ್ನು ತನ್ನದೇ ಖಾತೆಗೆ ಸೇರಿಸಿಕೊಂಡು, ಮನೆಯವರಿಗೆ ಬರೀ ಹಂಚಿಕೊಡುವ ರೂಢಿ. ಆತ ಒಳ್ಳೆಯವನೇ ಇರಬಹುದು. ಆದರೂ ನಮ್ಮ ಹೆಣ್ಣುಮಕ್ಕಳು ಓಡಾಡುವ ಪಡಸಾಲೆ, ಅಂಗಳ ಹೊರಗಿನವನ ಫೋನಿನಲ್ಲಿ ಯಾಕಿರಬೇಕು? ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಸಲ್ಲಿಸಿದ್ದ ಅರ್ಜಿಯಲ್ಲಿ. ಆ ಹಕ್ಕು ಎದುರು ಮನೆಯವರಿಗೂ ಇದೆ, ಅವರ ಬಚ್ಚಲ ಬಾಗಿಲಿನತ್ತ ಕ್ಯಾಮೆರಾ ತಿರುಗಿಸಿ ಇಡುವಂತಿಲ್ಲ.

ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡರೆ ಏನಾಗುತ್ತದೆಂದು ಜಗತ್ತು 2016ರಲ್ಲೇ ನೋಡಿದೆ. ಮಿರಾಯ್ ಎಂಬ ಕುತಂತ್ರಾಂಶ ಇಂಥ ಸಾವಿರಾರು ಡಿವಿಆರ್, ಕ್ಯಾಮೆರಾಗಳನ್ನು ವಶಮಾಡಿಕೊಂಡು ಅಕ್ಟೋಬರ್ 21ರಂದು ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ನುಗ್ಗಿಸಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ತೆರೆಯದಾದವು. ಭಾರತ ಸರ್ಕಾರ 2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿರುವುದು ಒಳ್ಳೆಯ ಹೆಜ್ಜೆ. ಆದರೆ ಪರೀಕ್ಷೆ ಪಾಸಾದ ಕ್ಯಾಮೆರಾಕ್ಕೂ ಊರಿಗೆಲ್ಲ ಒಂದೇ ಪಾಸ್‌ವರ್ಡ್ ಹಾಕಿದರೆ ಆ ನಿಯಮ ಏನು ಮಾಡೀತು?

ಇಷ್ಟೆಲ್ಲ ಹೇಳಿ ತಪ್ಪನ್ನು ರಿಪೇರಿಯ ಹುಡುಗರ ಮೇಲೇ ಹೊರಿಸುವುದು ನ್ಯಾಯವಲ್ಲ. ಕರೆದಾಗ ಮುಂಡರಗಿಯಿಂದಲೋ ಗದಗಿನಿಂದಲೋ ಬೈಕ್ ಹತ್ತಿ ಬರುವವರು ಅವರೇ. ಮಳೆಯಲ್ಲಿ ಏಣಿ ಹತ್ತುವವರೂ ಅವರೇ. ಕೇಬಲ್ಲಿನಲ್ಲಿ ಮೀಟರಿಗೆ ಎರಡು ರೂಪಾಯಿ ಚೌಕಾಶಿ ಮಾಡಿ ತಾಮ್ರದ ಬದಲು ಲೇಪದ ತಂತಿ ತರಿಸಿಕೊಂಡವರು ನಾವು. ಬೀಪ್ ನಿಲ್ಲಿಸು ಎಂದು ಅವಸರಿಸಿದವರೂ ನಾವೇ. ಮೆನುವನ್ನು ಇಂಗ್ಲಿಷಿನಲ್ಲಿ ಓದಿ, ನಮಗೆ ಕನ್ನಡದಲ್ಲಿ ಹೇಳಿ ತೋರಿಸುವ ಅರ್ಧ ಗಂಟೆಗೆ ಬೆಲೆ ಕಟ್ಟಿ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಆ ಅರ್ಧ ಗಂಟೆಯೇ ಈ ಕಸುಬಿನ ಮುಖ್ಯ ಭಾಗ, ಅದಕ್ಕೆ ದುಡ್ಡು ಕೊಡಬೇಕು.

ಹಾಗಾಗಿ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ರಿಪೇರಿಯವರು ‘ಬಂತು’ ಎಂದಾಗ ಕೂಡಲೇ ದುಡ್ಡು ಕೊಡಬೇಡಿ. ನಿನ್ನೆ ರಾತ್ರಿ ಎರಡು ಗಂಟೆಯ ದೃಶ್ಯವನ್ನು ಪ್ಲೇಬ್ಯಾಕಿನಲ್ಲಿ ತೆಗೆಸಿ, ನಾಲ್ಕೂ ಕ್ಯಾಮೆರಾಗಳದ್ದು ನೋಡಿ. ಡಿಸ್ಕ್ ಆಗಷ್ಟೇ ಹೊಸದಾಗಿ ಹಾಕಿದ್ದಾದರೆ ಮರುದಿನ ಬೆಳಿಗ್ಗೆ ನೀವೇ ತೆಗೆದು ನೋಡಿ, ದುಡ್ಡು ಆಮೇಲೆ ಕೊಡಿ. ಪಾಸ್‌ವರ್ಡ್ ನಿಮ್ಮ ಕೈಯಿಂದ ಬದಲಿಸಿ, ಬಜರ್ ಆನ್ ಇರಲಿ.